ಮಗುವನ್ನು ಇನ್ನೊಬ್ಬರು ಅಳೆದಾಗ

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರು ಕಪ್ಪು ಮಕ್ಕಳ ಪರವಾಗಿ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ದಾವೆಯೊಂದು ದಾಖಲಾಯಿತು. ಆರೂ ಮಂದಿ ಪ್ರಾಥಮಿಕ ಶಾಲೆಯ ಮಕ್ಕಳು. ಶಾಲೆಯವರು ಐಕ್ಯೂ ಪರೀಕ್ಷೆ ಮಾಡಿಸಿ, ಅಂಕ 75ಕ್ಕಿಂತ ಕೆಳಗೆ ಬಂತೆಂದು ಅವರನ್ನು ಬುದ್ಧಿಮಾಂದ್ಯ ಮಕ್ಕಳ ತರಗತಿಗೆ ಸೇರಿಸಿದ್ದರು. ದಾವೆಯ ಸಿದ್ಧತೆಯಲ್ಲಿದ್ದಾಗ ಕಪ್ಪು ಮನೋವಿಜ್ಞಾನಿಗಳ ಸ್ಥಳೀಯ ಸಂಘದವರು ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿದರು. ಮೊದಲು ಮಗುವಿನ ಜೊತೆ ಸಲಿಗೆ ಬೆಳೆಸಿಕೊಂಡರು, ಪ್ರಶ್ನೆಯನ್ನು ಮಗು ಮನೆಯಲ್ಲಿ ಕೇಳುವ ಮಾತಿನಲ್ಲಿ ಇಟ್ಟರು, ಪುಸ್ತಕದ ಉತ್ತರವಲ್ಲದಿದ್ದರೂ ಬುದ್ಧಿಯಿಂದ ಯೋಚಿಸಿ ಹೇಳಿದ ಉತ್ತರಕ್ಕೆ ಅಂಕ ಕೊಟ್ಟರು. ಆರೂ ಮಕ್ಕಳು 75ನ್ನು ದಾಟಿದರು.

ಲ್ಯಾರಿ ಪಿ. ಮತ್ತು ರೈಲ್ಸ್ ನಡುವಿನ ಪ್ರಕರಣವೆಂದು ಇದು ಅಮೆರಿಕದ ವಿಶೇಷ ಶಿಕ್ಷಣದ ಚರಿತ್ರೆಯಲ್ಲಿ ಉಳಿದಿದೆ. ಆಗ ಸ್ಯಾನ್ ಫ್ರಾನ್ಸಿಸ್ಕೋದ ಒಟ್ಟು ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು ಶೇ. 28.5ರಷ್ಟಿದ್ದರು. ಬುದ್ಧಿಮಾಂದ್ಯರ ತರಗತಿಯಲ್ಲಿ ಅವರ ಪಾಲು ಶೇ. 66. ನ್ಯಾಯಾಧೀಶ ರಾಬರ್ಟ್ ಪೆಕಮ್ 1972ರಲ್ಲಿ ತಡೆಯಾಜ್ಞೆ ಕೊಟ್ಟರು, 1979ರಲ್ಲಿ ಅಂತಿಮ ತೀರ್ಪು ಬರೆದರು. ಮರುಪರೀಕ್ಷೆಯ ಕ್ರಮದ ಬಗ್ಗೆ ಆಕ್ಷೇಪ ಎತ್ತಲು ಅವಕಾಶವಿದೆ. ಪ್ರಶ್ನೆಯ ಮಾತು ಬದಲಿಸಿದರೆ ಅದು ಅದೇ ಪರೀಕ್ಷೆಯಾಗಿ ಉಳಿಯುತ್ತದೆಯೇ ಎಂದು ಕೇಳಬಹುದು. ಆದರೆ ಆ ಆಕ್ಷೇಪದಿಂದ ಮೊದಲ ಅಂಕ ಸರಿಯಾಗಿತ್ತೆಂದು ಸಾಬೀತಾಗುವುದಿಲ್ಲ. ಎದುರು ಕೂತವರು ಬದಲಾದಾಗ ಆರು ಮಕ್ಕಳ ಹಣೆಬರಹ ಬದಲಾಗುವುದಾದರೆ, ಒಂದೇ ಸಲ ಅಳೆದ ಅಂಕದ ಮೇಲೆ ಮಗುವಿನ ಇಡೀ ಶಾಲಾ ಬದುಕನ್ನು ಕಟ್ಟುವುದು ಹೇಗೆ?

ಇದಕ್ಕೂ ಒಂದು ವರ್ಷ ಮೊದಲು, 1970ರಲ್ಲಿ, ಅದೇ ಕ್ಯಾಲಿಫೋರ್ನಿಯಾದಲ್ಲಿ ಡಯಾನಾ ಪ್ರಕರಣ ನಡೆದಿತ್ತು. ಒಂಬತ್ತು ಮೆಕ್ಸಿಕನ್ ಮೂಲದ ಮಕ್ಕಳು, ಮನೆಯಲ್ಲಿ ಸ್ಪ್ಯಾನಿಷ್, ಪರೀಕ್ಷೆ ಇಂಗ್ಲಿಷಿನಲ್ಲಿ. ಅವರನ್ನು ಸ್ಪ್ಯಾನಿಷ್ ಬಲ್ಲವರು ಮತ್ತೆ ಪರೀಕ್ಷಿಸಿದಾಗ ಸರಾಸರಿ 15 ಅಂಕ ಏರಿತು, ಹೆಚ್ಚಿನವರು ಬುದ್ಧಿಮಾಂದ್ಯತೆಯ ಗೆರೆಯಿಂದ ಮೇಲೆ ಬಂದರು. ಆ ಮಕ್ಕಳಿಗೆ ಬರದಿದ್ದದ್ದು ಇಂಗ್ಲಿಷ್ ಅಷ್ಟೇ.

ಈ ಎರಡು ಪ್ರಕರಣಗಳಲ್ಲಿ ಶಾಲೆಗಳು ವಿಶೇಷ ತರಗತಿ ಬೇಡದ ಮಕ್ಕಳನ್ನು ಅಲ್ಲಿಗೆ ತಳ್ಳಿದ್ದವು. ತಿರುಗಿ ನೋಡಿದರೆ ಅದೇ ಕಾಲದಲ್ಲಿ ವಿಶೇಷ ಶಿಕ್ಷಣ ಬೇಕಾದ ಮಕ್ಕಳನ್ನು ಶಾಲೆಯ ಬಾಗಿಲಲ್ಲೇ ನಿಲ್ಲಿಸಿದ್ದೂ ಇತ್ತು. ಅಂಗವಿಕಲತೆ ಇರುವ ಸುಮಾರು 80 ಲಕ್ಷ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಕ್ಕ ಶಿಕ್ಷಣವಿಲ್ಲ, ಹತ್ತು ಲಕ್ಷ ಮಕ್ಕಳಿಗೆ ಸರ್ಕಾರಿ ಶಾಲೆಯೇ ಇಲ್ಲ ಎಂದು ಅಮೆರಿಕದ ಕಾಂಗ್ರೆಸ್ ತಾನೇ ದಾಖಲಿಸಿತು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಮಾಡಿದ ವಿಶೇಷ ಶಿಕ್ಷಣದ ಕಾಯ್ದೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1990ರಿಂದ ಅದರ ಹೆಸರು ಐಡಿಇಎ. ಅಲ್ಲಿನವರು ಐಡಿಯಾ ಎಂದೇ ಕರೆಯುತ್ತಾರೆ. ಇಂದು ಆ ಕಾಯ್ದೆಯಡಿ 75 ಲಕ್ಷಕ್ಕೂ ಹೆಚ್ಚು ಮಕ್ಕಳು ಸೇವೆ ಪಡೆಯುತ್ತಿದ್ದಾರೆ, ಅಂದರೆ ಸರ್ಕಾರಿ ಶಾಲೆಯ ಹೆಚ್ಚುಕಡಿಮೆ ಪ್ರತಿ ಏಳು ಮಕ್ಕಳಲ್ಲಿ ಒಬ್ಬರು.

ಕಾಯ್ದೆ ಎಲ್ಲ ಹೊಣೆಯನ್ನೂ ಶಾಲೆಯ ಮೇಲೆ ಹಾಕಿತು. ಮಗುವನ್ನು ಗುರುತಿಸಬೇಕಾದ್ದು ಶಾಲೆ, ಪರೀಕ್ಷಿಸಬೇಕಾದ್ದು ಶಾಲೆ, ಐಇಪಿ ಎಂಬ ವೈಯಕ್ತಿಕ ಕಲಿಕಾ ಯೋಜನೆ ಬರೆಯಬೇಕಾದ್ದು ಶಾಲೆ, ಅದರ ಖರ್ಚು ಹೊರಬೇಕಾದ್ದೂ ಶಾಲೆಯೇ. ತೊಡಕು ಇರುವುದು ಇಲ್ಲಿ. ಮಗುವಿಗೆ ತೊಂದರೆ ಇದೆಯೆಂದು ಬರೆದುಕೊಟ್ಟ ಕ್ಷಣದಿಂದ ಖರ್ಚು ಶುರುವಾಗುತ್ತದೆ. ಹಾಗೆ ಬರೆಯುವ ಪೆನ್ನು ಖರ್ಚು ಮಾಡುವವರ ಕೈಯಲ್ಲೇ ಇದೆ. ಹೆಚ್ಚುವರಿ ವೆಚ್ಚದ ಶೇ. 40ರವರೆಗೆ ಕೇಂದ್ರದಿಂದ ಭರಿಸುವುದಾಗಿ ಕಾಂಗ್ರೆಸ್ ಅಂದು ಹೇಳಿತ್ತು. ಆ ಮಾತು ಒಂದು ವರ್ಷವೂ ಪೂರ್ತಿ ನಡೆಯಲಿಲ್ಲ. ಶಾಲೆಯ ಮನೋವಿಜ್ಞಾನಿಗಳೆಲ್ಲ ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ಬಹುಪಾಲು ಜನ ಮಕ್ಕಳ ಮೇಲಿನ ಕಾಳಜಿಯಿಂದಲೇ ಆ ವೃತ್ತಿಗೆ ಬಂದವರು. ಐನೂರು ವಿದ್ಯಾರ್ಥಿಗಳಿಗೆ ಒಬ್ಬರಿರಬೇಕೆಂದು ಅವರ ರಾಷ್ಟ್ರೀಯ ಸಂಘ ಹೇಳಿದರೆ, ವಾಸ್ತವದಲ್ಲಿ ಒಬ್ಬೊಬ್ಬರ ತಲೆಯ ಮೇಲೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಹೀಗೆ ಕೆಲಸದ ಹೊರೆ, ಮೇಲಿನವರ ಬಜೆಟ್ಟು, ಕಾಯ್ದೆ ಹಾಕಿದ 60 ದಿನಗಳ ಗಡುವು ಮೂರೂ ಸೇರಿದಾಗ ವರದಿ ತೆಳ್ಳಗಾಗುತ್ತದೆ.

ಈ ತೊಡಕಿಗೆ ಕಾಯ್ದೆ ಬರೆದವರು ಮೊದಲ ದಿನವೇ ಒಂದು ಮದ್ದು ಹುಡುಕಿದ್ದರು. ಅದೇ ಸ್ವತಂತ್ರ ಮೌಲ್ಯಮಾಪನ. ಶಾಲೆಯ ವರದಿಯನ್ನು ಒಪ್ಪದ ತಂದೆ-ತಾಯಿ ಶಾಲೆಯ ನೌಕರರಲ್ಲದ, ಅರ್ಹತೆಯುಳ್ಳ ಬೇರೊಬ್ಬರಿಂದ ಮಗುವನ್ನು ಮತ್ತೆ ಪರೀಕ್ಷೆ ಮಾಡಿಸಬಹುದು, ಅದೂ ಶಾಲೆಯ ಖರ್ಚಿನಲ್ಲಿ. ಒಪ್ಪುವುದಿಲ್ಲ ಎಂದರೆ ಸಾಕು. ಏಕೆ ಎಂದು ಶಾಲೆ ಕೇಳಬಹುದು, ಉತ್ತರಿಸಲೇಬೇಕೆಂಬ ಕಟ್ಟಳೆ ತಂದೆ-ತಾಯಿಗಿಲ್ಲ. ಕೋರಿಕೆ ಬಂದ ಮೇಲೆ ಶಾಲೆಗೆ ಎರಡೇ ದಾರಿ: ಹಣ ಕೊಟ್ಟು ಪರೀಕ್ಷೆ ಮಾಡಿಸಬೇಕು, ಇಲ್ಲವೇ ತಾನೇ ವಿಚಾರಣಾಧಿಕಾರಿಯ ಮುಂದೆ ಹೋಗಿ ತನ್ನ ವರದಿ ಸರಿಯಿದೆಯೆಂದು ತೋರಿಸಬೇಕು. ಸುಮ್ಮನೆ ಕೂರುವಂತಿಲ್ಲ. ಕ್ಯಾಲಿಫೋರ್ನಿಯಾದ ಪಹಾರೋ ವ್ಯಾಲಿಯ ಶಾಲಾಡಳಿತ ಸರಿಸುಮಾರು ಮೂರು ತಿಂಗಳು ಕೂತು ಆಮೇಲೆ ವಿಚಾರಣೆಗೆ ಹೋದಾಗ, ಅಷ್ಟು ತಡ ಮಾಡಿದ್ದೇ ತಪ್ಪೆಂದು 2006ರಲ್ಲಿ ಕೋರ್ಟು ಹೇಳಿತು. ಶಾಲೆಯ ಒಂದು ವರದಿಗೆ ಎದುರಾಗಿ ಹೀಗೆ ಒಂದು ಸಲ ಮಾತ್ರ ಸರ್ಕಾರಿ ಹಣದಲ್ಲಿ ಕೇಳಬಹುದು. ತಂದೆ-ತಾಯಿ ತಮ್ಮದೇ ಹಣದಲ್ಲಿ ಎಷ್ಟು ಸಲ ಬೇಕಾದರೂ ಮಾಡಿಸಬಹುದು, ಆ ವರದಿಯನ್ನೂ ಶಾಲೆ ಪರಿಗಣಿಸಲೇಬೇಕು. ಪರಿಗಣಿಸುವುದು ಬೇರೆ, ಒಪ್ಪುವುದು ಬೇರೆ. ಎಷ್ಟೋ ಸಭೆಗಳಲ್ಲಿ ನಲವತ್ತು ಪುಟದ ವರದಿಯನ್ನು ಮೇಜಿನ ಈ ಬದಿಯಿಂದ ಆ ಬದಿಗೆ ಸರಿಸಿ, ಪರಿಗಣಿಸಿದ್ದೇವೆ ಎಂದು ನಡಾವಳಿಯಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ಅಂಥ ವರದಿಯ ಒಳಗೆ ಏನಿರುತ್ತದೆ? ಜನಸಾಮಾನ್ಯರ ಕಲ್ಪನೆಯಲ್ಲಿ ಇದು ಪ್ರಶ್ನೆಪತ್ರಿಕೆಯಂಥದ್ದು. ಹತ್ತಿರದಿಂದ ನೋಡಿದರೆ ಬೇರೆಯೇ ಇದೆ. ವೆಕ್ಸ್ಲರ್ ಎಂಬ ಬುದ್ಧಿಮತ್ತೆಯ ಪರೀಕ್ಷೆಯ ಒಂದು ಭಾಗದಲ್ಲಿ ಮಗುವಿನ ಮುಂದೆ ಕೆಂಪು-ಬಿಳಿ ಬಣ್ಣದ ಚೌಕದ ದಿಮ್ಮಿಗಳನ್ನು ಇಡುತ್ತಾರೆ. ಕೆಲವು ಮುಖ ಪೂರ್ತಿ ಕೆಂಪು, ಕೆಲವು ಪೂರ್ತಿ ಬಿಳಿ, ಕೆಲವು ಕರ್ಣದಲ್ಲಿ ಅರ್ಧಂಬರ್ಧ. ಚಿತ್ರದಲ್ಲಿರುವ ವಿನ್ಯಾಸವನ್ನು ಮಗು ಅವುಗಳಿಂದ ಜೋಡಿಸಬೇಕು, ಪರೀಕ್ಷಕರ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಿರುತ್ತದೆ. ಅಂಕ ಬರುವುದು ಸರಿ-ತಪ್ಪಿಗೆ ಮತ್ತು ಸಮಯಕ್ಕೆ. ಆದರೆ ನುರಿತ ಪರೀಕ್ಷಕರ ಕಣ್ಣು ಬೇರೆ ಕಡೆ ಇರುತ್ತದೆ: ಮಗು ಮೊದಲು ನೋಡಿ ಯೋಚಿಸಿತೇ ಅಥವಾ ಕೈಗೆ ಸಿಕ್ಕಿದ್ದನ್ನು ಇಟ್ಟಿತೇ, ತಪ್ಪಾದಾಗ ತಾನೇ ಕಂಡುಕೊಂಡಿತೇ, ಸಮಯ ಮೀರಿದ ಮೇಲೂ ಬಿಡದೆ ಮುಗಿಸಿತೇ, ನನಗೆ ಬರಲ್ಲ ಎಂದು ದಿಮ್ಮಿಗಳನ್ನು ತಳ್ಳಿತೇ. ಇದರ ಬೆನ್ನಿಗೆ ಅರ್ಥವಿಲ್ಲದ ಪದಗಳನ್ನು ಓದಿಸುತ್ತಾರೆ. ಅರ್ಥವಿರುವ ಪದವನ್ನು ಜಾಣ ಮಗು ನೆನಪಿನಿಂದ ಊಹಿಸಿ ಓದಿಬಿಡುತ್ತದೆ. ಅರ್ಥವಿಲ್ಲದ ಪದದಲ್ಲಿ ಊಹೆಗೆ ಹಿಡಿತ ಸಿಗುವುದಿಲ್ಲ, ಅಕ್ಷರದಿಂದ ಧ್ವನಿ ಕಟ್ಟಲೇಬೇಕು. ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಇರುವ ಮಗು ಸಿಕ್ಕಿಬೀಳುವುದು ಬಹುಮಟ್ಟಿಗೆ ಇಲ್ಲಿಯೇ. ಆಮೇಲೆ ಸಾಲಾಗಿ ಮುದ್ರಿಸಿದ ಅಕ್ಷರ, ಬಣ್ಣ, ಚಿತ್ರಗಳ ಹೆಸರನ್ನು ಎಷ್ಟು ಬೇಗ ಹೇಳುತ್ತದೆ ಎಂಬುದರ ಅಳತೆ. ತಿಳಿದ ಹೆಸರೇ ಬಾಯಿಗೆ ಬರಲು ತಡವಾದರೆ ಓದಿನ ಓಟಕ್ಕೂ ಅದೇ ಅಡ್ಡಿ.

ಶಾಲೆಯ ವರದಿಗೂ ಸ್ವತಂತ್ರ ವರದಿಗೂ ಜಗಳ ಹತ್ತುವುದು ಹೆಚ್ಚಾಗಿ ಸರಾಸರಿಯ ವಿಷಯದಲ್ಲಿ. ಈ ಪರೀಕ್ಷೆಗಳಲ್ಲಿ 100 ಎಂದರೆ ನಡುಮಟ್ಟ. ಒಬ್ಬ ಹುಡುಗಿಗೆ ಮಾತಿನ ತಿಳಿವಳಿಕೆಯಲ್ಲಿ 122, ಕೆಲಸದ ವೇಗದಲ್ಲಿ 78 ಬಂದಿದೆಯೆಂದು ಇಟ್ಟುಕೊಳ್ಳಿ. ಎಲ್ಲ ಸೇರಿಸಿ ಒಟ್ಟು ಅಂಕ ತೆಗೆದರೆ ನೂರರ ಆಸುಪಾಸು ಬರುತ್ತದೆ. ಮಗು ಸರಾಸರಿ, ತೊಂದರೆಯೇನೂ ಇಲ್ಲ ಎಂದು ಶಾಲೆಯ ವರದಿ ಮುಗಿಯುತ್ತದೆ. ತರಗತಿಯಲ್ಲಿ ಅದೇ ಹುಡುಗಿ ಬಾಯಲ್ಲಿ ಎಲ್ಲ ಉತ್ತರ ಹೇಳುತ್ತಾಳೆ, ಬರೆಯಲು ಕೂರಿಸಿದರೆ ಅರ್ಧ ಪುಟ ದಾಟುವುದಿಲ್ಲ, ಸೋಮಾರಿ ಎಂಬ ಹೆಸರು ಹೊತ್ತು ಮನೆಗೆ ಬರುತ್ತಾಳೆ. ಸ್ವತಂತ್ರ ಪರೀಕ್ಷಕರು ಆ ಎರಡು ಅಂಕಗಳ ನಡುವಿನ ಕಂದಕವನ್ನು ಎತ್ತಿ ತೋರಿಸಿದಾಗ ಮಾತ್ರ ಹುಡುಗಿಯ ಕಷ್ಟ ಕಾಗದದ ಮೇಲೆ ಕಾಣುತ್ತದೆ. ಯಾವುದೇ ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಿಸಬಾರದು ಎಂದು ಕಾಯ್ದೆಯಲ್ಲೇ ಬರೆದಿದ್ದರೂ ಒಟ್ಟು ಅಂಕದ ಮೋಹ ಬಿಟ್ಟುಹೋಗಿಲ್ಲ.

ಕೋರ್ಟುಗಳಲ್ಲಿ ಈ ಹಕ್ಕು ಮುಂದೆಯೂ ಹೋಗಿದೆ, ಹಿಂದೆಯೂ ಬಿದ್ದಿದೆ. 2005ರ ಶಾಫರ್ ಪ್ರಕರಣದಲ್ಲಿ, ಐಇಪಿ ಸರಿಯಿಲ್ಲವೆಂದು ದೂರುವವರೇ ಅದನ್ನು ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದೂರುವವರು ಸಾಮಾನ್ಯವಾಗಿ ತಂದೆ-ತಾಯಿ. ಶಾಲೆಯ ಬಳಿ ಕಡತ, ತಜ್ಞರು, ವಕೀಲರು ಎಲ್ಲ ಇರುವಾಗ ಇದು ಅನ್ಯಾಯವಲ್ಲವೇ ಎಂಬ ಪ್ರಶ್ನೆಗೆ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ತೋರಿಸಿದ ಸಮಾಧಾನಗಳಲ್ಲಿ ಮುಖ್ಯವಾದದ್ದು ಸ್ವತಂತ್ರ ಮೌಲ್ಯಮಾಪನವೇ: ಅದರಿಂದ ತಂದೆ-ತಾಯಿಗೂ ಎದುರಾಳಿಗೆ ಸಮನಾದ ತಜ್ಞರೊಬ್ಬರು ಸಿಗುತ್ತಾರೆ ಎಂಬುದು ಅವರ ವಾದ. ಮರುವರ್ಷವೇ ಅದೇ ನ್ಯಾಯಾಲಯ ಆರ್ಲಿಂಗ್ಟನ್ ಪ್ರಕರಣದಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. ನ್ಯೂಯಾರ್ಕಿನ ದಂಪತಿ ಶಾಲೆಯ ವಿರುದ್ಧ ಗೆದ್ದಿದ್ದರು; ತಮಗೆ ನೆರವಾದ ಶಿಕ್ಷಣ ಸಲಹೆಗಾರರ ಶುಲ್ಕ 29,350 ಡಾಲರನ್ನು ಶಾಲೆಯೇ ಕೊಡಬೇಕೆಂದು ಕೇಳಿದ್ದರು. ಗೆದ್ದವರಿಗೆ ವಕೀಲರ ಶುಲ್ಕ ಸಿಗಬಹುದು, ತಜ್ಞರ ಶುಲ್ಕ ಸಿಗದು ಎಂದು ತೀರ್ಪಾಯಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಶಾಲೆಯ ಖರ್ಚಿನಲ್ಲಿ ಸಿಗುವ ಆ ಒಂದು ಮರುಪರೀಕ್ಷೆ ಬಡ ಕುಟುಂಬಕ್ಕೆ ಎಷ್ಟು ದೊಡ್ಡದು ಎಂಬುದು ಗೊತ್ತಾಗುತ್ತದೆ. ತಜ್ಞರ ಬಲ ಅವರಿಗೆ ಇನ್ನೆಲ್ಲೂ ಪುಕ್ಕಟೆ ಸಿಗುವುದಿಲ್ಲ.

2009ರ ಫಾರೆಸ್ಟ್ ಗ್ರೋವ್ ಪ್ರಕರಣ ಇನ್ನಷ್ಟು ನೇರ. ಆರೆಗಾನ್ ರಾಜ್ಯದ ಹುಡುಗನೊಬ್ಬ ತರಗತಿಯಲ್ಲಿ ಗಮನ ಕೊಡಲಾಗದೆ, ಮನೆಗೆಲಸ ಮುಗಿಸಲಾಗದೆ ಒದ್ದಾಡುತ್ತಿದ್ದ. ಶಾಲೆಯ ಮನೋವಿಜ್ಞಾನಿ ಪರೀಕ್ಷಿಸಿ ವಿಶೇಷ ಶಿಕ್ಷಣ ಬೇಕಿಲ್ಲವೆಂದರು, ತಾಯಿಯೂ ಆಗ ಒಪ್ಪಿದರು. ಎಡಿಎಚ್‌ಡಿ (ಗಮನ ಕೊರತೆಯ ತೊಂದರೆ) ಇರಬಹುದೆಂಬ ಅನುಮಾನ ಶಾಲೆಯ ಸಿಬ್ಬಂದಿಯ ನಡುವೆಯೇ ಇತ್ತು, ಆದರೆ ಆ ದಿಕ್ಕಿನಲ್ಲಿ ಯಾರೂ ಪರೀಕ್ಷಿಸಿರಲಿಲ್ಲ. ಹುಡುಗ ಇನ್ನಷ್ಟು ಕುಸಿದ ಮೇಲೆ ತಂದೆ-ತಾಯಿ ಖಾಸಗಿ ತಜ್ಞರಲ್ಲಿಗೆ ಹೋದರು. ಎಡಿಎಚ್‌ಡಿ ಮತ್ತು ಕಲಿಕೆ, ನೆನಪಿಗೆ ಸಂಬಂಧಿಸಿದ ತೊಂದರೆಗಳು ಪತ್ತೆಯಾದವು. ತಿಂಗಳಿಗೆ 5,200 ಡಾಲರ್ ಶುಲ್ಕದ ಖಾಸಗಿ ಶಾಲೆಗೆ ಸೇರಿಸಿದರು. ಶಾಲೆ ಮಗುವನ್ನು ಅರ್ಹನಲ್ಲವೆಂದು ತಪ್ಪಾಗಿ ಕೈಬಿಟ್ಟಿದ್ದರೆ, ಸರ್ಕಾರಿ ಶಾಲೆಯ ವಿಶೇಷ ಸೇವೆ ಒಮ್ಮೆಯೂ ಪಡೆದಿಲ್ಲ ಎಂಬ ಕಾರಣಕ್ಕೆ ತಂದೆ-ತಾಯಿಗೆ ಆ ಶುಲ್ಕದ ಮರುಪಾವತಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಆರು-ಮೂರರ ಬಹುಮತ ಹೇಳಿತು. ಹಾಗೆಂದು ಆ ಕುಟುಂಬಕ್ಕೆ ಹಣ ಕೈಸೇರಲಿಲ್ಲ. ಕೆಳಗಿನ ಕೋರ್ಟು ಮತ್ತೆ ತೂಗಿ ನೋಡಿ ಮರುಪಾವತಿ ಬೇಡವೆಂದಿತು. ತತ್ವ ಗೆದ್ದರೂ ಆ ಮನೆಗೆ ಲಾಭವಾಗಲಿಲ್ಲ.

ಒಂದೊಂದು ಮಗುವಿನ ಕತೆ ಹೀಗಾದರೆ ಟೆಕ್ಸಸ್ ಇಡೀ ರಾಜ್ಯದ ಕತೆ. 2004ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ, ಒಳ್ಳೆಯ ಶಾಲಾಡಳಿತದಲ್ಲಿ ವಿಶೇಷ ಶಿಕ್ಷಣದ ಮಕ್ಕಳು ಶೇ. 8.5ರ ಆಸುಪಾಸು ಇರಬೇಕೆಂಬ ಗುರಿಯಿಟ್ಟಿತು. ಆಗ ದೇಶದ ಸರಾಸರಿ ಸುಮಾರು ಶೇ. 13 ಇತ್ತು. ಆ 8.5 ಯಾವ ಸಂಶೋಧನೆಯಿಂದಲೂ ಬಂದದ್ದಲ್ಲ. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಸರಣಿ ವರದಿಗಳಲ್ಲಿ ಇದನ್ನು ಬಯಲಿಗೆಳೆಯುವ ಹೊತ್ತಿಗೆ ರಾಜ್ಯದ ಪ್ರಮಾಣ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತ್ತು. ಮಕ್ಕಳ ತೊಂದರೆ ಮಾಯವಾಗಿರಲಿಲ್ಲ. ಪರೀಕ್ಷೆಯ ಕೋರಿಕೆಗಳನ್ನು ಮುಂದೂಡಲಾಗಿತ್ತು, ಬೇರೆ ಕಾರ್ಯಕ್ರಮಗಳ ಕಡೆಗೆ ತಿರುಗಿಸಲಾಗಿತ್ತು. 2017ರಲ್ಲಿ ಶಾಸನಸಭೆ ಅಂಥ ಮಿತಿಯನ್ನು ನಿಷೇಧಿಸಿತು. 2018ರ ಜನವರಿಯಲ್ಲಿ ಫೆಡರಲ್ ಶಿಕ್ಷಣ ಇಲಾಖೆ, ಟೆಕ್ಸಸ್ ಕಾಯ್ದೆ ಉಲ್ಲಂಘಿಸಿದೆ ಎಂದು ಅಧಿಕೃತವಾಗಿ ಹೇಳಿತು. ಅಳೆಯುವವರ ಮೇಲೆ ಮೊದಲೇ ಒಂದು ಸಂಖ್ಯೆ ಹೇರಿದರೆ ಅಳತೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ದಾಖಲೆ ಬೇರೆ ಸಿಗುವುದು ಕಷ್ಟ. ಇಲ್ಲಿ ಸ್ವತಂತ್ರ ಮೌಲ್ಯಮಾಪನದ ದೊಡ್ಡ ತೂತೂ ಕಾಣುತ್ತದೆ. ಶಾಲೆ ಒಮ್ಮೆ ಪರೀಕ್ಷೆ ಮಾಡಿದ ಮೇಲೆ ಮಾತ್ರ ಅದನ್ನು ಒಪ್ಪುವುದಿಲ್ಲ ಎನ್ನಬಹುದು. ಪರೀಕ್ಷೆಯನ್ನೇ ಮಾಡದೆ ಓಡಾಡಿಸಿದರೆ ಎರಡನೆಯ ಪರೀಕ್ಷೆಯ ಹಕ್ಕು ಹುಟ್ಟುವುದೇ ಇಲ್ಲ.

ಇಂಗ್ಲೆಂಡಿನಲ್ಲಿಯೂ ಗಂಟು ಇದೇ. ಮೇರಿ ವಾರ್ನಕ್ ಸಮಿತಿಯ 1978ರ ವರದಿಯ ನಂತರ ಬಂದ ಕಾಯ್ದೆಗಳಲ್ಲಿ ಮಗುವಿನ ಅಗತ್ಯ ಅಳೆಯುವುದೂ ಅದಕ್ಕೆ ಹಣ ಹೊಂದಿಸುವುದೂ ಸ್ಥಳೀಯ ಆಡಳಿತದ ಕೆಲಸ. ಅಲ್ಲಿ ಎರಡನೆಯ ಪರೀಕ್ಷೆಗೆ ಸರ್ಕಾರಿ ಹಣದ ಹಕ್ಕಿಲ್ಲ. ತಮ್ಮ ಹಣದಲ್ಲಿ ತಜ್ಞರ ವರದಿ ಮಾಡಿಸಿ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ತೀರ್ಪಿನವರೆಗೆ ಹೋಗುವ ಮೇಲ್ಮನವಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಕುಟುಂಬಗಳ ಕಡೆಗೇ ತೀರ್ಮಾನವಾಗುತ್ತಿವೆ. ಇಷ್ಟೊಂದು ಮಂದಿ ಗೆಲ್ಲುತ್ತಾರೆಂದರೆ ಮೊದಲ ತೀರ್ಮಾನಗಳು ಎಂಥವು ಎಂದು ಯೋಚಿಸಬೇಕು. ಮೇಲ್ಮನವಿ ಹಾಕದ ಮನೆಗಳ ಮಕ್ಕಳ ಬಗ್ಗೆ ಇನ್ನೂ ಹೆಚ್ಚು ಯೋಚಿಸಬೇಕು.

ಯಾರು ಹಾಕುತ್ತಾರೆ, ಯಾರು ಹಾಕುವುದಿಲ್ಲ? ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಐದು ರಾಜ್ಯಗಳನ್ನು ನೋಡಿದಾಗ, ಶಾಲೆಯೊಂದಿಗಿನ ವ್ಯಾಜ್ಯಗಳು ಶ್ರೀಮಂತ ಪ್ರದೇಶಗಳಲ್ಲೇ ಹೆಚ್ಚು ನಡೆಯುತ್ತಿದ್ದದ್ದು ಕಂಡಿತು. ಇದರಲ್ಲಿ ಆಶ್ಚರ್ಯವಿಲ್ಲ. ಖಾಸಗಿ ನರಮನೋವಿಜ್ಞಾನಿಯ ಪೂರ್ಣ ಪರೀಕ್ಷೆಗೆ ಕೆಲವು ಸಾವಿರ ಡಾಲರ್ ಬೇಕು. ಶಾಲೆಯ ಖರ್ಚಿನಲ್ಲಿ ಕೇಳುವ ಹಕ್ಕು ಇದೆಯೆಂದು ಬರೆದ ಕಿರುಪುಸ್ತಿಕೆಯನ್ನು ಶಾಲೆ ವಿಶೇಷ ಶಿಕ್ಷಣದ ಪರೀಕ್ಷೆಗೆ ಒಳಗಾಗುವ ಪ್ರತಿ ಮಗುವಿನ ಮನೆಗೂ ಕೊಡುತ್ತದೆ, ಕೊಡಲೇಬೇಕು. ಸಣ್ಣಕ್ಷರದ ಕಾನೂನು ಭಾಷೆಯ ಆ ಪುಸ್ತಿಕೆಯನ್ನು ಎರಡು ಕೆಲಸ ಮಾಡಿ ರಾತ್ರಿ ಮನೆಗೆ ಬರುವ ತಾಯಿ ಯಾವಾಗ ಓದಬೇಕು? ಹೀಗಾಗಿ ಬಡವರಿಗೇ ಹೆಚ್ಚು ಬೇಕಾದ ಸೌಲಭ್ಯವನ್ನು ಬಳಸುವವರು ಬಹಳಷ್ಟು ಸಲ ಅದಿಲ್ಲದೆಯೂ ನಡೆಸಬಲ್ಲವರು. ಮ್ಯಾಸಚೂಸೆಟ್ಸ್ ಇಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಫೆಡರಲ್ ಕಾಯ್ದೆಗಿಂತ ಮೊದಲೇ, 1972ರಲ್ಲೇ, ತನ್ನದೇ ವಿಶೇಷ ಶಿಕ್ಷಣ ಕಾಯ್ದೆ ಮಾಡಿಕೊಂಡ ರಾಜ್ಯ ಅದು. ಅಲ್ಲಿ ಶಾಲೆಯ ಪರೀಕ್ಷೆಯಾದ 16 ತಿಂಗಳೊಳಗೆ ಕೇಳಿದರೆ, ಮಗು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹವಾಗಿದ್ದಲ್ಲಿ, ಪೂರ್ತಿ ಖರ್ಚು ಶಾಲೆಯದು. ಆದಾಯ ಏರಿದಂತೆ ಮನೆಯವರ ಪಾಲು ಏರುತ್ತದೆ. ವಾದ-ವಿವಾದಕ್ಕೆ ಮೊದಲೇ ಹಣದ ಪ್ರಶ್ನೆ ಇತ್ಯರ್ಥವಾಗಿರುವುದು ಇದರ ಹೆಚ್ಚುಗಾರಿಕೆ.

ಸ್ವತಂತ್ರ ಪರೀಕ್ಷಕರೆಲ್ಲ ನಿಷ್ಪಕ್ಷಪಾತಿಗಳು ಎಂದೇನೂ ಅಲ್ಲ. ತಂದೆ-ತಾಯಿ ಹಣ ಕೊಟ್ಟು ಕರೆತಂದ ತಜ್ಞರಿಗೂ ಕೊಟ್ಟವರ ನಿರೀಕ್ಷೆ ಗೊತ್ತಿರುತ್ತದೆ. ತಮ್ಮ ಕ್ಲಿನಿಕ್ಕಿನ ತಣ್ಣನೆಯ ಕೋಣೆಯಲ್ಲಿ ಆರು ತಾಸು ಪರೀಕ್ಷಿಸಿ, ಮಗುವಿನ ತರಗತಿಗೆ ಒಮ್ಮೆಯೂ ಕಾಲಿಡದೆ, ಇಂಥದ್ದೇ ಖಾಸಗಿ ಶಾಲೆ ಬೇಕೆಂದು ಬರೆಯುವವರಿದ್ದಾರೆ. ತರಗತಿ ನೋಡದವರ ಮಾತಿಗೆ ವಿಚಾರಣಾಧಿಕಾರಿಗಳು ಕಡಿಮೆ ತೂಕ ಕೊಡುವುದು ನ್ಯಾಯವೇ. ಶಾಲಾಡಳಿತಗಳ ಕಡೆಯಿಂದಲೂ ಹಿಡಿತಗಳಿವೆ: ಇಷ್ಟೇ ಶುಲ್ಕ ಕೊಡುತ್ತೇವೆಂಬ ಮಿತಿ, ಈ ಪಟ್ಟಿಯವರನ್ನೇ ಆರಿಸಿ ಎಂಬ ಸೂಚನೆ. ಪಟ್ಟಿ ಕೊಡಬಹುದು, ಆದರೆ ಅರ್ಹತೆಯಿರುವ ಪಟ್ಟಿಯಾಚೆಯವರನ್ನೂ ತಂದೆ-ತಾಯಿ ಆರಿಸಬಹುದು ಎಂದು ಫೆಡರಲ್ ಇಲಾಖೆ ಸ್ಪಷ್ಟಪಡಿಸಿದೆ. ಈ ಮಾತು ತಿಳಿಯದೆ ಪಟ್ಟಿಯ ಮೊದಲ ಹೆಸರಿಗೇ ಫೋನು ಮಾಡುವವರೇ ಹೆಚ್ಚು.

ಇಡೀ ವ್ಯವಸ್ಥೆಯ ಒಂದು ಬಿರುಕು ಹೊರಗಿನವರಿಗೆ ಬೇಗ ಕಾಣುವುದಿಲ್ಲ. 1975ರ ಕಾಯ್ದೆಯಲ್ಲಿ ಸ್ವತಂತ್ರ ಮೌಲ್ಯಮಾಪನ ಪಡೆಯುವ ಅವಕಾಶವಿದೆ ಎಂದಷ್ಟೇ ಇದೆ. ಖರ್ಚು ಶಾಲೆಯದೆಂಬ ಮಾತು ಬಂದದ್ದು 1977ರ ನಿಯಮಗಳಲ್ಲಿ. ಹಾಗಾದರೆ ಇಲಾಖೆ ತನ್ನ ಅಧಿಕಾರ ಮೀರಿದೆ ಎಂದು ಅಲಬಾಮಾದ ಜೆಫರ್ಸನ್ ಕೌಂಟಿ ಶಾಲಾಡಳಿತ ವಾದಿಸಿತು. ಕಾಂಗ್ರೆಸ್ ಆಮೇಲೆ ಕಾಯ್ದೆಯನ್ನು ಎಷ್ಟೋ ಸಲ ತಿದ್ದಿದರೂ ಆ ನಿಯಮವನ್ನು ಮುಟ್ಟಲಿಲ್ಲ, ಆದ್ದರಿಂದ ಅದಕ್ಕೆ ಒಪ್ಪಿಗೆ ಇದೆ ಎಂದು 2012ರಲ್ಲಿ ಹನ್ನೊಂದನೆಯ ಸರ್ಕೀಟಿನ ಮೇಲ್ಮನವಿ ಕೋರ್ಟು ವಾದವನ್ನು ತಳ್ಳಿಹಾಕಿತು. ಸದ್ಯಕ್ಕೆ ನಿಯಮ ಗಟ್ಟಿಯಾಗಿದೆ. ಆದರೆ 2025ರಲ್ಲಿ ಫೆಡರಲ್ ಶಿಕ್ಷಣ ಇಲಾಖೆಯ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು, ಇಲಾಖೆಯನ್ನೇ ಮುಚ್ಚುವ ದಿಕ್ಕಿನಲ್ಲಿ ಅಧ್ಯಕ್ಷರ ಆದೇಶ ಹೊರಟಿತು. ನಿಯಮ ಪುಸ್ತಕದಲ್ಲಿ ಉಳಿದರೂ ರಾಜ್ಯಗಳನ್ನು ಕೇಳುವವರು ಯಾರು ಎಂಬ ಆತಂಕ ಅಲ್ಲಿನ ತಂದೆ-ತಾಯಿಯರಲ್ಲಿ ಇರುವುದು ಸಹಜ.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ, ಟೆಕ್ಸಸ್ಸಿನಲ್ಲಿ, ನ್ಯೂಜೆರ್ಸಿಯಲ್ಲಿ ಕನ್ನಡ ಮಾತಾಡುವ ಮನೆಗಳ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಡಯಾನಾ ಪ್ರಕರಣದ ಫಲವಾಗಿ ಬೆಳೆದ ತತ್ವದಂತೆ ಮಗುವನ್ನು ಅದರ ಮನೆಮಾತಿನಲ್ಲಿ ಅಥವಾ ಅದಕ್ಕೆ ಚೆನ್ನಾಗಿ ಬರುವ ಭಾಷೆಯಲ್ಲಿ ಪರೀಕ್ಷಿಸಬೇಕು. ಸ್ಪ್ಯಾನಿಷ್ ಮಾತಾಡುವ ಮಗುವಿಗೆ ಅದಕ್ಕೆ ತಕ್ಕ ಪರೀಕ್ಷೆ ಸಿಗುತ್ತದೆ. ಅಜ್ಜಿಯ ಜೊತೆ ಬೆಳೆದು, ಐದನೆಯ ವರ್ಷಕ್ಕೆ ಶಾಲೆಯಲ್ಲಿ ಇಂಗ್ಲಿಷ್ ಶುರುಮಾಡಿದ ಕನ್ನಡದ ಮಗುವಿಗೆ ದುಭಾಷಿಯನ್ನು ಕೂರಿಸಿದರೆ ಅದೇ ದೊಡ್ಡದು. ಪ್ರಶ್ನೆಯನ್ನು ಅಲ್ಲಿಯೇ ಅನುವಾದಿಸಿದರೆ ಅದರ ಅಂಕವನ್ನು ಹೋಲಿಸಲು ಮಾನದಂಡ ಇರುವುದಿಲ್ಲ. ಮಗುವಿನ ಮಾತು ತಡವಾದದ್ದು ಎರಡು ಭಾಷೆಯ ಕಾರಣಕ್ಕೆ ಎಂದು ಶಾಲೆ ಕಾಯಲು ಹೇಳಬಹುದು, ಆಗ ನಿಜವಾದ ತೊಂದರೆಯಿದ್ದರೂ ವರ್ಷಗಳು ಕಳೆಯುತ್ತವೆ. ಇಲ್ಲವೇ ಬರೀ ಇಂಗ್ಲಿಷಿನ ಕೊರತೆಯನ್ನು ನ್ಯೂನತೆ ಎಂದು ಬರೆಯಬಹುದು. ಈ ಎರಡೂ ಸಂದರ್ಭಗಳಲ್ಲಿ ಒಪ್ಪುವುದಿಲ್ಲ ಎಂದು ಲಿಖಿತವಾಗಿ ಹೇಳುವ ಹಕ್ಕು ಆ ಮನೆಯವರಿಗೆ ಇದೆ. ಟೀಚರ್ ಹೇಳಿದ ಮೇಲೆ ಎದುರು ಮಾತಾಡಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ನಮ್ಮವರಿಗೆ ಆ ಒಂದು ಸಾಲಿನ ಪತ್ರ ಬರೆಯುವುದೇ ಕಷ್ಟ.

ಕನ್ನಡದಲ್ಲಿ ಓದಿನ ತೊಂದರೆಯನ್ನು ಅಳೆಯುವ ಕೆಲಸಕ್ಕೆ ಅಡಿಪಾಯ ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಕಲಿಕಾ ನ್ಯೂನತೆಯ ಪರೀಕ್ಷಾ ಸಮುಚ್ಚಯ ದೇಶದುದ್ದಕ್ಕೂ ಬಳಕೆಯಲ್ಲಿದೆ. 1965ರಿಂದ ಮೈಸೂರಿನಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳ ಮಾತು-ಭಾಷೆಯ ಪರೀಕ್ಷೆಯಲ್ಲಿ ದೀರ್ಘ ಅನುಭವವಿದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ಡಾಲಿ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಇದೆ. ಸೋನಾಲಿ ನಾಗ್ ಅವರ 2007ರ ಅಧ್ಯಯನ, ಕನ್ನಡದ ಕಾಗುಣಿತ-ಒತ್ತಕ್ಷರಗಳ ನಾಲ್ಕುನೂರಕ್ಕೂ ಮೀರಿದ ಬಳಗವನ್ನು ಕಲಿಯಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಸಮಯ ಬೇಕಾಗುತ್ತದೆ ಎಂದು ತೋರಿಸಿತು. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ, ಕನ್ನಡ ಕಲಿಕೆಯ ಸಹಜ ವೇಗವೇ ಆಗಿರಬಹುದು. ಇಂಗ್ಲಿಷಿಗೆಂದು ಮಾಡಿದ ಗೆರೆಯನ್ನು ಇಲ್ಲಿ ಎಳೆದರೆ ಮತ್ತೆ ಡಯಾನಾ ಪ್ರಕರಣದ ತಪ್ಪೇ.

ಭಾರತದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ, 21 ಬಗೆಗಳಲ್ಲಿ ಒಂದಾಗಿ. 2018ರ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮಕ್ಕಳಿಗೆ ನಿಮ್ಹಾನ್ಸ್ ಪರೀಕ್ಷೆಯ ಮೇಲೆ ಪ್ರಮಾಣಪತ್ರ ಕೊಡಲು, 14 ಮತ್ತು 18ನೆಯ ವಯಸ್ಸಿನಲ್ಲಿ ಅದನ್ನು ಮತ್ತೆ ಪರಿಶೀಲಿಸಲು ಹೇಳಿತು. ಆ ಪ್ರಮಾಣಪತ್ರಕ್ಕಾಗಿ ತಂದೆ-ತಾಯಿ ಹೆಚ್ಚಾಗಿ ಓಡಾಡುವುದು ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ: ಹೆಚ್ಚುವರಿ ಸಮಯಕ್ಕೆ, ಬರೆಯುವವರ ನೆರವಿಗೆ, ಭಾಷೆಯ ವಿನಾಯಿತಿಗೆ. ಅಮೆರಿಕದ ಪರೀಕ್ಷೆ ಈ ಮಗುವಿಗೆ ನಾಳೆಯಿಂದ ಏನನ್ನು ಹೇಗೆ ಕಲಿಸಬೇಕು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ನಮ್ಮದು ಪರೀಕ್ಷಾ ಕೊಠಡಿಯ ರಿಯಾಯಿತಿಗೆ ಹೋಗಿ ನಿಲ್ಲುತ್ತದೆ. ಹದಿನೈದನೆಯ ವಯಸ್ಸಿಗೆ ಪತ್ತೆಯಾಗುವ ಡಿಸ್ಲೆಕ್ಸಿಯಾ ಏಳನೆಯ ವಯಸ್ಸಿನಿಂದಲೂ ಆ ಮಗುವನ್ನು ಕಾಡಿರುತ್ತದೆ, ಅಷ್ಟೂ ವರ್ಷ ದಡ್ಡ ಎಂಬ ಮಾತನ್ನು ಕೇಳಿಸಿರುತ್ತದೆ.

ನಮ್ಮ 2016ರ ಕಾಯ್ದೆಯ 16ನೆಯ ಕಲಂ, ಇಂಥ ತೊಂದರೆಯನ್ನು ಆದಷ್ಟು ಬೇಗ ಪತ್ತೆಮಾಡಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳ ಮೇಲೆ ಹಾಕಿದೆ. 59ನೆಯ ಕಲಂ, ಪ್ರಮಾಣಪತ್ರದ ತೀರ್ಮಾನ ಒಪ್ಪದವರಿಗೆ ರಾಜ್ಯ ನೇಮಿಸಿದ ಪ್ರಾಧಿಕಾರದ ಮುಂದೆ ಮೇಲ್ಮನವಿಯ ಅವಕಾಶ ಕೊಟ್ಟಿದೆ. ಈ ಎರಡು ಕಲಂಗಳ ನಡುವೆ ತುಂಬಬೇಕಾದ ಜಾಗ ದೊಡ್ಡದು. ಶಾಲೆ ಪತ್ತೆಮಾಡದಿದ್ದರೆ, ಅಥವಾ ತೊಂದರೆಯೇ ಇಲ್ಲವೆಂದರೆ, ಯಾದಗಿರಿಯ ಒಬ್ಬ ತಾಯಿ ಎಷ್ಟು ದಿನದೊಳಗೆ, ಯಾರಿಂದ, ಯಾವ ಭಾಷೆಯಲ್ಲಿ ಮಗುವನ್ನು ಮತ್ತೆ ಪರೀಕ್ಷೆ ಮಾಡಿಸಬಹುದು, ಅದರ ಖರ್ಚು ಮತ್ತು ಓಡಾಟದ ಖರ್ಚು ಯಾರದು, ಬಂದ ವರದಿಯನ್ನು ತರಗತಿಯ ಶಿಕ್ಷಕಿ ಓದಿ ಏನು ಮಾಡಬೇಕು ಎಂಬುದನ್ನು ಇಲ್ಲಿನ ನಿಯಮಗಳಲ್ಲಿ ಸಾಲು ಸಾಲಾಗಿ ಬರೆಯಬೇಕು. ಪರೀಕ್ಷೆಗಳು ಕನ್ನಡದಲ್ಲಿವೆ, ಮಾಡಬಲ್ಲ ಸಂಸ್ಥೆಗಳು ಬೆಂಗಳೂರು-ಮೈಸೂರಿನಲ್ಲಿವೆ. ಅವು ಜಿಲ್ಲಾಸ್ಪತ್ರೆಗೂ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ (ಬಿಆರ್‌ಸಿ) ತಲುಪುವಂತೆ ಮಾಡುವುದು, ಎರಡನೆಯ ಪರೀಕ್ಷೆಗೆ ಮೊದಲ ಪರೀಕ್ಷೆ ಮಾಡಿದವರನ್ನೇ ಕೂರಿಸದಿರುವುದು ರಾಜ್ಯ ಸರ್ಕಾರದ ಕೈಯಲ್ಲಿರುವ ಕೆಲಸ, ಅದಕ್ಕೆ ದೆಹಲಿಯ ಹೊಸ ಕಾಯ್ದೆ ಬೇಕಿಲ್ಲ.